ಕಾರ್ಟಿಸಾಲ್ ಹೆಚ್ಚಿದೆ, ಸರಿ, ಬರುತ್ತಿರುವುದು ಎಲ್ಲಿಂದ?

ಕಾರ್ಟಿಸಾಲ್ ಜಾಸ್ತಿ ಇದೆ ಅಂತ ರಿಪೋರ್ಟ್ ಬಂದ ಕೂಡಲೇ ಬಹಳಷ್ಟು ಮನೆಗಳಲ್ಲಿ ಏಳುವ ಮೊದಲ ಮಾತು, ‘ಸ್ಕ್ಯಾನ್ ಮಾಡಿಸಿಬಿಡೋಣ’. ತಲೆಗೊಂದು ಎಂಆರ್‌ಐ, ಹೊಟ್ಟೆಗೊಂದು ಸಿಟಿ. ಗಡ್ಡೆ ಕಣ್ಣಿಗೆ ಕಂಡರೆ ತೆಗೆಸಿಬಿಡಬಹುದಲ್ಲ ಅನ್ನುವ ಆತುರ. ಆ ಆತುರ ಸಹಜವೇ. ಆದರೆ ಈ ಕಾಯಿಲೆಯಲ್ಲಿ ಅದು ತಪ್ಪು ಗ್ರಂಥಿಗೆ ಕತ್ತರಿ ಹಾಕಿಸಬಲ್ಲದು. ಇವತ್ತು ನಾನು ಹೇಳಹೊರಟಿರುವುದು ಇಷ್ಟೇ: ಪರೀಕ್ಷೆಗಳಿಗೆ ಒಂದು ಸರದಿ ಇದೆ, ಆ ಸರದಿಯಲ್ಲಿ ಸ್ಕ್ಯಾನ್ ತೀರಾ ಹಿಂದೆ ನಿಲ್ಲಬೇಕು.

ಯಾಕೆ ಅಂತ ಕೇಳಿ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ತಂಡವೊಂದು 100 ಮಂದಿ ಆರೋಗ್ಯವಂತರ ಪಿಟ್ಯುಟರಿ ಗ್ರಂಥಿಯ ಎಂಆರ್‌ಐ ಮಾಡಿ, 1994ರಲ್ಲಿ ಫಲಿತಾಂಶ ಪ್ರಕಟಿಸಿತು. ಹತ್ತು ಮಂದಿಯಲ್ಲಿ ಗಡ್ಡೆಯಂಥ ಚುಕ್ಕೆ ಇತ್ತು. ಅವರಿಗೆ ಯಾವ ತೊಂದರೆಯೂ ಇರಲಿಲ್ಲ. ಅಡ್ರಿನಲ್ ಗ್ರಂಥಿಯ ಕಥೆಯೂ ಅದೇ. ವಯಸ್ಸಾದವರ ಹೊಟ್ಟೆಯ ಸಿಟಿಯಲ್ಲಿ ನಿರುಪದ್ರವಿ ಗಂಟುಗಳು ಆಗಾಗ ಕಾಣುತ್ತವೆ. ಇನ್ನೊಂದು ಕಡೆ, ನಿಜವಾಗಿ ಕಾಯಿಲೆ ತರುವ ಪಿಟ್ಯುಟರಿ ಗಡ್ಡೆ ಎಷ್ಟೋ ಸಲ ಐದಾರು ಮಿಲಿಮೀಟರಿಗಿಂತ ಚಿಕ್ಕದು, ಎಂಆರ್‌ಐಗೆ ಸಿಕ್ಕುವುದೇ ಇಲ್ಲ. ಕಂಡದ್ದು ತಪ್ಪಿತಸ್ಥ ಅಲ್ಲದಿರಬಹುದು, ತಪ್ಪಿತಸ್ಥ ಕಾಣದೆಯೂ ಇರಬಹುದು. ಹೀಗಿರುವಾಗ ಚಿತ್ರವನ್ನೇ ಮೊದಲು ನಂಬುವುದು ಹೇಗೆ?

ಮೊದಲು ವ್ಯವಸ್ಥೆ ಅರ್ಥ ಮಾಡಿಕೊಳ್ಳೋಣ. ಮೂತ್ರಪಿಂಡಗಳ ನೆತ್ತಿಯ ಮೇಲೆ ಕೂತಿರುವ ಎರಡು ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್ ತಯಾರಿಸುತ್ತವೆ. ತಯಾರಿಸು ಅಂತ ಅಪ್ಪಣೆ ಕೊಡುವುದು ಮಿದುಳಿನ ಬುಡದಲ್ಲಿ ಕಡಲೆ ಗಾತ್ರದಲ್ಲಿರುವ ಪಿಟ್ಯುಟರಿ. ಆ ಅಪ್ಪಣೆಯ ಹೆಸರು ಎಸಿಟಿಎಚ್. ಪಿಟ್ಯುಟರಿಯನ್ನು ಎಬ್ಬಿಸುವುದು ಅದರ ಮೇಲಿನ ಹೈಪೊಥಾಲಮಸ್, ಸಿಆರ್‌ಎಚ್ ಎಂಬ ಇನ್ನೊಂದು ಹಾರ್ಮೋನಿನ ಮೂಲಕ. ಕಾರ್ಟಿಸಾಲ್ ಸಾಕಷ್ಟಾದಾಗ, ಮನೆ ಮೇಲಿನ ಟ್ಯಾಂಕ್ ತುಂಬಿದ ಮೇಲೆ ಆಟೊಮ್ಯಾಟಿಕ್ ಮೋಟಾರು ನಿಲ್ಲುವಂತೆ, ಮೇಲಿನ ಅಪ್ಪಣೆಗಳು ನಿಲ್ಲುತ್ತವೆ. ಬೆಳಿಗ್ಗೆ ಎಂಟರ ಸುಮಾರಿಗೆ ಮಟ್ಟ ಏರಿರುತ್ತದೆ, ನಡುರಾತ್ರಿಯ ನಿದ್ದೆಯಲ್ಲಿ ತಳ ಮುಟ್ಟುತ್ತದೆ. ಮುಂದೆ ಹೇಳುವ ಪರೀಕ್ಷೆಗಳೆಲ್ಲ ಈ ಏರಿಳಿತದ ಮೇಲೆ, ಈ ‘ಸಾಕು’ ಎನ್ನುವ ಸಂಕೇತದ ಮೇಲೆ ನಿಂತಿವೆ.

ಕಾರ್ಟಿಸಾಲ್ ಹೆಚ್ಚಾಗಿಯೇ ಉಳಿಯುವ ಈ ಕಾಯಿಲೆಯ ಹೆಸರು ಕುಶಿಂಗ್ ಸಿಂಡ್ರೋಮ್. ಅಮೆರಿಕದ ನರಶಸ್ತ್ರವೈದ್ಯ ಹಾರ್ವಿ ಕುಶಿಂಗ್ 1912ರಲ್ಲಿ 23 ವರ್ಷದ ಯುವತಿಯೊಬ್ಬಳಲ್ಲಿ ಇದನ್ನು ವಿವರಿಸಿದರು. 1932ರಲ್ಲಿ ಇಂಥ ಹಲವು ರೋಗಿಗಳನ್ನು ಒಟ್ಟುಗೂಡಿಸಿ, ಪಿಟ್ಯುಟರಿಯ ಪುಟ್ಟ ಗಡ್ಡೆಯೇ ಕಾರಣ ಎಂದರು. ಅದೇ ರೂಪವನ್ನು ಅಡ್ರಿನಲ್ ಗಡ್ಡೆಯೂ, ಶ್ವಾಸಕೋಶದ ಗಡ್ಡೆಯೂ ತರಬಲ್ಲದು ಎಂಬುದನ್ನು ಬೇರೆಯವರು ಬಿಡಿಸಿಟ್ಟರು. ಮುಖ ದುಂಡಗಾಗಿ ಕೆಂಪೇರುವುದು, ಹೊಟ್ಟೆ ಬೆಳೆದು ಕೈಕಾಲು ಸೊರಗುವುದು, ಬಿಪಿ, ಸಕ್ಕರೆ, ತಪ್ಪಿದ ಮುಟ್ಟು, ಖಿನ್ನತೆ. ಇವೆಲ್ಲ ಬೇರೆ ಕಾರಣಕ್ಕೂ ಬರುತ್ತವೆ. ವೈದ್ಯರು ಕಿವಿ ನಿಮಿರಿಸುವುದು ಇನ್ನು ಕೆಲವು ಲಕ್ಷಣಗಳಿಗೆ: ಹೊಟ್ಟೆಯ ಮೇಲೆ ಒಂದು ಸೆಂಟಿಮೀಟರಿಗಿಂತ ಅಗಲದ ನೇರಳೆ ಪಟ್ಟೆಗಳು, ಸುಮ್ಮನೆ ತಾಗಿದರೂ ಮೂಡುವ ರಕ್ತಗಟ್ಟಿದ ಕಲೆ, ಚಕ್ಕಳಮಕ್ಕಳ ಕೂತವರಿಗೆ ಕೈಯೂರದೆ ಏಳಲಾಗದ ತೊಡೆಯ ಬಲಹೀನತೆ. ಮಕ್ಕಳಲ್ಲಾದರೆ ತೂಕ ಏರುತ್ತಿದ್ದರೂ ಎತ್ತರ ನಿಂತುಹೋಗುವುದು. ದಪ್ಪಗಿರುವ ಮಗು ಸಾಮಾನ್ಯವಾಗಿ ಎತ್ತರಕ್ಕೂ ಬೆಳೆಯುತ್ತದೆ. ಈ ಮಗು ಬೆಳೆಯುವುದಿಲ್ಲ.

ಈಗ ಸರದಿಯ ಮೊದಲ ಪ್ರಶ್ನೆ. ಇದಕ್ಕೆ ಯಂತ್ರ ಬೇಡ, ಖರ್ಚಿಲ್ಲ. ಹಾಗಿದ್ದೂ ತಪ್ಪಿಹೋಗುವುದು ಇದೇ. ನೀವು ಏನೇನು ನುಂಗುತ್ತೀರಿ, ಹಚ್ಚಿಕೊಳ್ಳುತ್ತೀರಿ, ಎಳೆದುಕೊಳ್ಳುತ್ತೀರಿ?

ಜಗತ್ತಿನಲ್ಲಿ ಈ ರೂಪಕ್ಕೆ ಅತಿ ಸಾಮಾನ್ಯ ಕಾರಣ ಗಡ್ಡೆಯಲ್ಲ, ಹೊರಗಿನಿಂದ ಬಂದ ಸ್ಟೆರಾಯ್ಡ್. ಪ್ರೆಡ್ನಿಸೊಲೋನ್, ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್. ವೈದ್ಯರು ಬರೆದುಕೊಟ್ಟದ್ದಾದರೆ ಚೀಟಿ ಇರುತ್ತದೆ. ಮಂಡಿನೋವಿಗೆ, ಉಬ್ಬಸಕ್ಕೆ ಅಂತ ಹೆಸರಿಲ್ಲದ ಪೊಟ್ಟಣದಲ್ಲಿ ಸಿಗುವ ಪುಡಿ, ಮೂರೇ ದಿನಕ್ಕೆ ನೋವು ಮಾಯ ಮಾಡುವ ಮಾತ್ರೆ, ಮುಖ ಬೆಳ್ಳಗಾಗಲಿ ಅಂತ ವರ್ಷಗಟ್ಟಲೆ ಹಚ್ಚುವ ಕ್ರೀಮು, ತುರಿಕೆಗೆ ಅಂಗಡಿಯವರೇ ಎತ್ತಿಕೊಡುವ ಟ್ಯೂಬು, ಇವುಗಳಿಗೆ ಚೀಟಿ ಇಲ್ಲ. ರೋಗಿಗೆ ಅವು ‘ಔಷಧಿ’ ಅಂತಲೂ ಅನಿಸುವುದಿಲ್ಲ, ಆದ್ದರಿಂದ ಹೇಳುವುದಿಲ್ಲ. ಸ್ಟೆರಾಯ್ಡ್ ಕ್ರೀಮುಗಳ ಬೇಕಾಬಿಟ್ಟಿ ಮಾರಾಟ ಎಷ್ಟು ಹಬ್ಬಿತ್ತೆಂದರೆ 2018ರಲ್ಲಿ ಕೇಂದ್ರ ಸರ್ಕಾರ ಅಂಥ ಹಲವನ್ನು ವೈದ್ಯರ ಚೀಟಿ ಕಡ್ಡಾಯವಾದ ಪಟ್ಟಿಗೆ ಸೇರಿಸಬೇಕಾಯಿತು. ಉಬ್ಬಸದ ಇನ್‌ಹೇಲರ್ ಸಾಮಾನ್ಯ ಪ್ರಮಾಣದಲ್ಲಿ ಹೀಗೆ ಮಾಡುವುದಿಲ್ಲ. ಆದರೆ ಎಚ್‌ಐವಿಗೆ ಕೊಡುವ ರಿಟೊನಾವಿರ್, ಶಿಲೀಂಧ್ರಕ್ಕೆ ಕೊಡುವ ಇಟ್ರಾಕೊನಜೋಲ್ ಜೊತೆಗಿದ್ದರೆ ಕೆಲವು ಸ್ಟೆರಾಯ್ಡ್‌ಗಳು ಮೈಯಿಂದ ಹೊರಹೋಗದೆ ಕೂಡಿಕೊಳ್ಳುತ್ತವೆ.

ಇಲ್ಲೊಂದು ಸುಳಿವು ಇದೆ. ಡೆಕ್ಸಾಮೆಥಾಸೋನ್ ತೆಗೆದುಕೊಳ್ಳುತ್ತಿರುವವರ ಮುಖ ದುಂಡಗಿರುತ್ತದೆ, ರಕ್ತದ ಕಾರ್ಟಿಸಾಲ್ ಮಾತ್ರ ತೀರಾ ಕಡಿಮೆ. ಹೊರಗಿನ ಸ್ಟೆರಾಯ್ಡ್ ಕಂಡು ಪಿಟ್ಯುಟರಿ ಸುಮ್ಮನಾಗಿದೆ, ಅಡ್ರಿನಲ್ ಮಲಗಿದೆ. ಮೈ ನೋಡಿದರೆ ಹೆಚ್ಚು, ರಿಪೋರ್ಟ್ ನೋಡಿದರೆ ಕಡಿಮೆ. ಪ್ರೆಡ್ನಿಸೊಲೋನ್ ಬೇರೆ ಬಗೆಯಲ್ಲಿ ದಾರಿ ತಪ್ಪಿಸುತ್ತದೆ: ಹಲವು ಲ್ಯಾಬ್ ವಿಧಾನಗಳು ಅದನ್ನೇ ಕಾರ್ಟಿಸಾಲ್ ಅಂತ ಎಣಿಸಿಬಿಡುತ್ತವೆ.

ಒಂದು ಮಾತನ್ನು ದಯವಿಟ್ಟು ಗಟ್ಟಿಯಾಗಿ ನೆನಪಿಡಿ. ಇದನ್ನು ಕೇಳಿ ಸ್ಟೆರಾಯ್ಡ್ ಮಾತ್ರೆಯನ್ನು ಇವತ್ತೇ ನಿಲ್ಲಿಸಬೇಡಿ. ಮಲಗಿರುವ ಅಡ್ರಿನಲ್ ತಕ್ಷಣ ಏಳುವುದಿಲ್ಲ. ಬಿಪಿ ಕುಸಿದು ಜೀವಕ್ಕೇ ಅಪಾಯ. ವೈದ್ಯರ ಕಣ್ಗಾವಲಿನಲ್ಲಿ ಮೆಲ್ಲಗೆ ಇಳಿಸಬೇಕು.

ಎರಡನೆಯದು: ಕಾರ್ಟಿಸಾಲ್ ನಿಜವಾಗಿಯೂ ಹೆಚ್ಚಿದೆಯೇ? ಬೆಳಿಗ್ಗೆ ಒಂದು ಸಲ ತೆಗೆದ ರಕ್ತ ಇದಕ್ಕೆ ಉತ್ತರವಲ್ಲ, ಬೆಳಿಗ್ಗೆ ಎಲ್ಲರಲ್ಲೂ ಹೆಚ್ಚೇ. ಮೂರು ಪರೀಕ್ಷೆಗಳಿವೆ. ನಡುರಾತ್ರಿಯ ಹೊತ್ತಿಗೆ ಎಂಜಲಿನ ಕಾರ್ಟಿಸಾಲ್. 24 ಗಂಟೆಯ ಮೂತ್ರ ಹಿಡಿದು ಅದರಲ್ಲಿನ ಕಾರ್ಟಿಸಾಲ್. ಮೂರನೆಯದು, ರಾತ್ರಿ ಹನ್ನೊಂದಕ್ಕೋ ಹನ್ನೆರಡಕ್ಕೋ 1 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ನುಂಗಿ, ಮರುದಿನ ಬೆಳಿಗ್ಗೆ ರಕ್ತ. ‘ಸಾಕು’ ಎಂಬ ಸಂಕೇತ ಮುಟ್ಟಿದ್ದರೆ ಕಾರ್ಟಿಸಾಲ್ ಡೆಸಿಲೀಟರಿಗೆ 1.8 ಮೈಕ್ರೋಗ್ರಾಂಗಿಂತ ಕೆಳಗಿಳಿಯಬೇಕು. ಇವುಗಳಲ್ಲಿ ಕನಿಷ್ಠ ಎರಡು ಕೆಟ್ಟರೆ ಮಾತ್ರ ಮುಂದಿನ ಹೆಜ್ಜೆ. ಟಿಬಿಗೆ ರಿಫಾಂಪಿಸಿನ್ ಅಥವಾ ಫಿಟ್ಸ್‌ಗೆ ಫೆನಿಟಾಯಿನ್ ತೆಗೆದುಕೊಳ್ಳುವವರಲ್ಲಿ ಯಕೃತ್ತು ಆ ಡೆಕ್ಸಾಮೆಥಾಸೋನನ್ನು ಬೇಗ ಕರಗಿಸಿಬಿಟ್ಟು ಇಲ್ಲದ ಕಾಯಿಲೆ ಇದ್ದಂತೆ ತೋರುತ್ತದೆ. ಗರ್ಭನಿರೋಧಕ ಮಾತ್ರೆಯ ಈಸ್ಟ್ರೊಜನ್ ರಕ್ತದಲ್ಲಿ ಕಾರ್ಟಿಸಾಲ್ ಹೊರುವ ಪ್ರೋಟೀನನ್ನು ಹೆಚ್ಚಿಸಿ ಅಂಥದ್ದೇ ಮೋಸ ಮಾಡುತ್ತದೆ. ವಿಪರೀತ ಕುಡಿತ, ಕಡು ಖಿನ್ನತೆ, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ ಸಹ ಕಾರ್ಟಿಸಾಲನ್ನು ಏರಿಸುತ್ತವೆ. ಅಲ್ಲಿ ಚಿಕಿತ್ಸೆ ಬೇಕಾದದ್ದು ಕುಡಿತಕ್ಕೆ, ಖಿನ್ನತೆಗೆ, ಸಕ್ಕರೆಗೆ.

ಇನ್ನು ಮೂರನೆಯ ಪ್ರಶ್ನೆ: ಅಪ್ಪಣೆ ಬರುತ್ತಿದೆಯೋ ಇಲ್ಲವೋ? ಅಂದರೆ ಎಸಿಟಿಎಚ್ ಎಷ್ಟು? ಇದು ದಾರಿಯನ್ನೇ ಎರಡಾಗಿ ಸೀಳುತ್ತದೆ. ಮಿಲಿಲೀಟರಿಗೆ 10 ಪಿಕೋಗ್ರಾಂಗಿಂತ ಕಡಿಮೆಯಿದ್ದರೆ ಅಪ್ಪಣೆಯಿಲ್ಲದೆಯೇ ಅಡ್ರಿನಲ್ ದುಡಿಯುತ್ತಿದೆ. ಈಗ, ಈಗ ಮಾತ್ರ, ಹೊಟ್ಟೆಯ ಸಿಟಿಗೆ ಅರ್ಥ ಬರುತ್ತದೆ. ಒಂದು ಕಡೆಯ ಗಡ್ಡೆಯೋ, ಎರಡೂ ಕಡೆ ಊದಿದೆಯೋ, ಅಪರೂಪಕ್ಕೆ ಕ್ಯಾನ್ಸರೋ ಅಂತ ಅದು ಹೇಳುತ್ತದೆ. 20 ದಾಟಿದರೆ ಅಪ್ಪಣೆ ಎಲ್ಲಿಂದಲೋ ಬರುತ್ತಿದೆ. ನಡುವಿನ ಸಂಖ್ಯೆಗಳಿಗೆ ಪರೀಕ್ಷೆ ಮತ್ತೆ ಮಾಡಬೇಕು. ಎಸಿಟಿಎಚ್ ಬಹಳ ನಾಜೂಕಿನ ಅಣು. ರಕ್ತವನ್ನು ಮಂಜುಗಡ್ಡೆಯಲ್ಲಿಟ್ಟು ಬೇಗ ಲ್ಯಾಬ್ ತಲುಪಿಸದಿದ್ದರೆ ಒಡೆದುಹೋಗುತ್ತದೆ, ಸಂಖ್ಯೆ ಸುಳ್ಳೇ ಕಡಿಮೆ ಬರುತ್ತದೆ, ನಿರ್ದೋಷಿ ಅಡ್ರಿನಲ್ ಮೇಲೆ ಅನುಮಾನ ಬೀಳುತ್ತದೆ. ಆದ್ದರಿಂದ ಸ್ಯಾಂಪಲ್ ಹೇಗೆ ಒಯ್ಯುತ್ತೀರಿ ಅಂತ ಲ್ಯಾಬಿನವರನ್ನು ಕೇಳುವುದರಲ್ಲಿ ಸಂಕೋಚ ಬೇಡ.

ಅತಿ ಕಷ್ಟದ ಭಾಗ ಇಲ್ಲಿಂದ ಶುರು. ಎಸಿಟಿಎಚ್ ಹೆಚ್ಚಿದ್ದರೆ ಹೆಚ್ಚಿನ ಸಲ ಪಿಟ್ಯುಟರಿಯೇ ಮೂಲ. ಇನ್ನು ಕೆಲವರಲ್ಲಿ ಶ್ವಾಸಕೋಶದ ಕಾರ್ಸಿನಾಯ್ಡ್ ಎಂಬ ಗಡ್ಡೆ, ಥೈಮಸ್ ಅಥವಾ ಮೇದೋಜೀರಕದ ಗಡ್ಡೆ, ಥೈರಾಯ್ಡಿನ ಒಂದು ಬಗೆಯ ಕ್ಯಾನ್ಸರ್ ತನಗೆ ಸಂಬಂಧವಿಲ್ಲದ ಈ ಹಾರ್ಮೋನನ್ನು ಸುರಿಸುತ್ತಿರುತ್ತದೆ. ಅಮೆರಿಕದ ಗ್ರಾಂಟ್ ಲಿಡಲ್ 1960ರಲ್ಲಿ ಡೆಕ್ಸಾಮೆಥಾಸೋನಿನ ದೊಡ್ಡ ಡೋಸ್ ಕೊಟ್ಟು ಪಿಟ್ಯುಟರಿಯ ಗಡ್ಡೆಯನ್ನು ಗುರುತಿಸುವ ದಾರಿ ತೋರಿಸಿದರು. ಆ ಗಡ್ಡೆಗೆ ಇನ್ನೂ ಅಲ್ಪಸ್ವಲ್ಪ ಲಗಾಮು ಉಳಿದಿರುತ್ತದೆ ಎಂಬುದು ತರ್ಕ. ಆದರೆ ಕೆಲವು ಕಾರ್ಸಿನಾಯ್ಡ್‌ಗಳೂ ಹಾಗೇ ಬಗ್ಗುತ್ತವೆ. ಅದೊಂದನ್ನೇ ನೆಚ್ಚಿ ತಲೆಬುರುಡೆಯ ಬುಡದಲ್ಲಿ ಶಸ್ತ್ರಚಿಕಿತ್ಸೆಗೆ ಇಳಿಯುವುದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಎಂಆರ್‌ಐಯಲ್ಲಿ ದೊಡ್ಡ, ಸ್ಪಷ್ಟ ಗಡ್ಡೆ ಕಂಡು ಉಳಿದ ಪರೀಕ್ಷೆಗಳೂ ಹೊಂದಿದರೆ ಶಸ್ತ್ರಚಿಕಿತ್ಸಕರ ಬಳಿಗೆ ಹೋಗಬಹುದು. ಏನೂ ಕಾಣದಿದ್ದಾಗ, ಅಥವಾ ಸಂಶಯ ಹುಟ್ಟಿಸುವಷ್ಟು ಚಿಕ್ಕದಾಗಿದ್ದಾಗ, ಪಿಟ್ಯುಟರಿಯ ಬಾಗಿಲಲ್ಲೇ ನಿಂತು ರಕ್ತ ತೆಗೆಯುತ್ತಾರೆ. ಎರಡೂ ತೊಡೆಸಂದಿನ ರಕ್ತನಾಳಗಳಿಂದ ಎರಡು ತೆಳು ಕೊಳವೆ ಏರಿಸಿ, ಪಿಟ್ಯುಟರಿಯ ರಕ್ತ ಹರಿದು ಬರುವ ಇನ್‌ಫೀರಿಯರ್ ಪೆಟ್ರೋಸಲ್ ಸೈನಸ್‌ಗಳಿಗೆ ತಲುಪಿಸುತ್ತಾರೆ. ಅಲ್ಲಿನ ಎಸಿಟಿಎಚ್ ಕೈಯ ರಕ್ತದ ಎಸಿಟಿಎಚ್‌ಗಿಂತ ಎರಡು ಪಟ್ಟಾದರೂ ಇದ್ದರೆ, ಅಥವಾ ಸಿಆರ್‌ಎಚ್ ಚುಚ್ಚುಮದ್ದಿನ ನಂತರ ಮೂರು ಪಟ್ಟಾದರೂ ಆದರೆ, ಮೂಲ ಪಿಟ್ಯುಟರಿ. ಈ ಅಳತೆಗಳು ಗಟ್ಟಿಯಾದದ್ದು 1991ರಲ್ಲಿ ಎಡ್ವರ್ಡ್ ಓಲ್ಡ್‌ಫೀಲ್ಡ್ ತಂಡ ಪ್ರಕಟಿಸಿದ ಫಲಿತಾಂಶದಿಂದ. ಸಿಆರ್‌ಎಚ್ ಸಿಗದ ಕಡೆ ಡೆಸ್ಮೊಪ್ರೆಸಿನ್ ಕೊಡುತ್ತಾರೆ. ಪರೀಕ್ಷೆಯ ದಿನ ಕಾರ್ಟಿಸಾಲ್ ಹೆಚ್ಚೇ ಇರಬೇಕು ಎಂಬುದು ಕಡ್ಡಾಯ ಷರತ್ತು, ಏಕೆಂದರೆ ಆಗ ಮಾತ್ರ ಪಿಟ್ಯುಟರಿಯ ಆರೋಗ್ಯವಂತ ಕೋಶಗಳು ಮೌನವಾಗಿರುತ್ತವೆ. ಕೆಲವರಲ್ಲಿ ಕಾಯಿಲೆ ತಿಂಗಳುಗಟ್ಟಲೆ ಬಂದು ಹೋಗುತ್ತದೆ. ಇಳಿದಿರುವ ಹೊತ್ತಿನಲ್ಲಿ ಮಾಡಿದರೆ ಆರೋಗ್ಯವಂತ ಕೋಶಗಳೇ ಎಸಿಟಿಎಚ್ ಕೊಟ್ಟು, ಎದೆಯಲ್ಲಿರುವ ಗಡ್ಡೆಗೆ ತಲೆಯನ್ನು ದೂರುವಂತಾಗುತ್ತದೆ.

ಈ ಪರೀಕ್ಷೆ ಎಲ್ಲ ಊರಲ್ಲೂ ಇಲ್ಲ. ಪಳಗಿದ ಕೈ ಬೇಕು, ಆದ್ದರಿಂದ ಹೆಚ್ಚು ಮಾಡಿ ರೂಢಿಯಿರುವ ದೊಡ್ಡ ಆಸ್ಪತ್ರೆಗೇ ಹೋಗುವುದು ಒಳ್ಳೆಯದು. ಚಂಡೀಗಢದ ಪಿಜಿಐ ವೈದ್ಯರು ಸಿಆರ್‌ಎಚ್‌ಗೇ ಗ್ಯಾಲಿಯಂ ಜೋಡಿಸಿ, ಅದು ಎಲ್ಲಿ ಹೋಗಿ ಅಂಟುತ್ತದೆ ಎಂದು ಪೆಟ್ ಸ್ಕ್ಯಾನಿನಲ್ಲಿ ನೋಡುವ ವಿಧಾನವನ್ನು 2021ರಲ್ಲಿ ಪ್ರಕಟಿಸಿದ್ದಾರೆ. ಗಡ್ಡೆಯ ಆಕಾರವನ್ನಲ್ಲದೆ ಅದರ ನಡತೆಯನ್ನೂ ತೋರಿಸುವ ಚಿತ್ರ ಅದು; ನಮ್ಮ ದೇಶದಲ್ಲೇ ಹುಟ್ಟಿದ ಈ ಕೆಲಸ ನನಗೆ ಬಹಳ ಭರವಸೆ ಕೊಟ್ಟಿದೆ.

ಎಂಡೋಕ್ರೈನಾಲಜಿಸ್ಟ್ ಹತ್ತಿರ ಹೊರಟಿದ್ದರೆ ಮನೆಯಲ್ಲಿರುವ ಎಲ್ಲ ಮಾತ್ರೆ, ಪುಡಿ, ಟ್ಯೂಬು, ಮೂಗಿನ ಹನಿ, ಇನ್‌ಹೇಲರ್ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ, ಹೆಸರಿಲ್ಲದ್ದನ್ನೂ ಬಿಡಬೇಡಿ. ಮೂರ್ನಾಲ್ಕು ವರ್ಷ ಹಿಂದಿನ ಒಂದು ಫೋಟೊ ಇಟ್ಟುಕೊಳ್ಳಿ, ಮುಖ ಯಾವಾಗ ಬದಲಾಯಿತು ಎಂಬುದು ಅದರಿಂದ ತಿಳಿಯುತ್ತದೆ. ರಕ್ತ ಕೊಟ್ಟ ಗಂಟೆಯನ್ನು ಪ್ರತಿ ರಿಪೋರ್ಟಿನ ಮೇಲೂ ಬರೆಸಿಕೊಳ್ಳಿ.