ಬೆನ್ನು ಎಳೆಸುವ ಮುಂಚೆ

(ರಜತ ಮಹೋತ್ಸವದ ಅಂಗವಾಗಿ ನಡೆದ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ನನಗೆ ಮಾತಾಡಲು ಕೊಟ್ಟಿರುವ ವಿಷಯ ಬೆನ್ನು ನೋವು, ಕುತ್ತಿಗೆ ನೋವು. ನಾನು ಡಾಕ್ಟರ್ ಅಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ಹೊಲಕ್ಕೆ ಇಳಿದವನು. ಆದರೆ ಸಂಘದಲ್ಲಿ ಸಾಲದ ಅರ್ಜಿ ನೋಡುವವರಲ್ಲಿ ನಾನೂ ಒಬ್ಬ. ಇತ್ತೀಚೆಗೆ ಆ ಅರ್ಜಿಗಳ ಜೊತೆ ಒಂದು ಹೊಸ ಮಾತು ಬರುತ್ತಿದೆ. "ಸ್ವಲ್ಪ ಜಾಸ್ತಿ ಮಾಡಿ ಕೊಡ್ರಿ, ಬೆನ್ನು ಎಳೆಸಬೇಕಾಗೈತಿ" ಅಂತಾರೆ. ಏನದು ಎಂದು ಕೇಳಿದರೆ, ಆಪರೇಷನ್ ಇಲ್ಲದೆ ಡಿಸ್ಕ್ ಸರಿ ಮಾಡುವ ಮಷೀನಂತೆ, ಡಿಕಂಪ್ರೆಶನ್ ಅಂತಾರಂತೆ, ದೊಡ್ಡ ಊರಿನಲ್ಲಿ ಐತಂತೆ, ಇಪ್ಪತ್ತು ಸಲ ಮಲಗಬೇಕಂತೆ, ದುಡ್ಡು ಮೊದಲೇ ಕಟ್ಟಬೇಕಂತೆ. ಎಲ್ಲಾ ಅಂತೆ ಅಂತೆ. ಹೀಗಾಗಿ ವಿಚಾರಿಸಬೇಕು ಎನ್ನಿಸಿತು. ಗೊತ್ತಿರುವ ಡಾಕ್ಟರರನ್ನು ಕೇಳಿ, ಮಕ್ಕಳ ಕೈಲಿ ಓದಿಸಿ ತಿಳಿದುಕೊಂಡಿದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ನಮ್ಮ ಬೆನ್ನಿನ ಪಾಡು ನೋಡೋಣ. ಕುಷ್ಟಗಿ, ಯಲಬುರ್ಗಾ ಕಡೆಯ ನಾವು ಒಣ ಬೇಸಾಯದವರು. ಸಜ್ಜಿ, ಜೋಳ, ತೊಗರಿ, ಶೇಂಗಾ. ಕಸ ತೆಗೆಯುವಾಗ ಬಾಗಬೇಕು, ಶೇಂಗಾ ಕೀಳುವಾಗ ಬಾಗಬೇಕು. ನಮ್ಮಲ್ಲಿ ಕೆಲಸ ಇಲ್ಲದಾಗ ಹೆಣ್ಣುಮಕ್ಕಳು ಟಂಟಂ ಹತ್ತಿ ಗಂಗಾವತಿ, ಕಾರಟಗಿ ಕಡೆ ಭತ್ತ ನಾಟಿಗೆ ಹೋಗುತ್ತಾರೆ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟರೆ ಅಲ್ಲಿ ಒಂದೇ ಅವಸರ. ಕೆಸರಿನಲ್ಲಿ ನಿಂತು, ಬೆಳಗಿಂದ ಸಂಜೆ ತನಕ ಸೊಂಟ ಬಗ್ಗಿಸಿ, ಹಿಂದಕ್ಕೆ ಹೆಜ್ಜೆ ಇಡುತ್ತ ಸಸಿ ಹಚ್ಚುವ ಕೆಲಸ ಅದು. ಇನ್ನು ಗಂಡಸರ ಹಮಾಲಿ. ನಮ್ಮ ಕಡೆ ಭತ್ತದ ವ್ಯಾಪಾರ 75 ಕೆಜಿ ಚೀಲದ ಲೆಕ್ಕ. ಆ ಚೀಲವನ್ನು ಕುತ್ತಿಗೆ ಮೇಲೆ ಹೊತ್ತು ಲಾರಿಯ ಹಲಗೆ ಏರುವವರ ಕುತ್ತಿಗೆ ಏನಾಗಬೇಡ? ನಮ್ಮ ಗೋದಾಮಿನಲ್ಲೇ ನೋಡಿ, ಡಿಎಪಿ 50 ಕೆಜಿ ಚೀಲ. ಯೂರಿಯಾ 2018ರಿಂದ 45 ಕೆಜಿ ಆಗಿದೆ, ಅದೂ ಬೆನ್ನು ನೋಡಿ ಇಳಿಸಿದ್ದಲ್ಲ, ಗೊಬ್ಬರದ ಬಳಕೆ ಕಡಿಮೆಯಾಗಲಿ ಅಂತ. 2021ರಲ್ಲಿ ಅರ್ಧ ಲೀಟರ್ ಬಾಟಲಿಯ ನ್ಯಾನೋ ಯೂರಿಯಾ ಬಂತು. ಬೆಳೆಗೆ ಅದು ಎಷ್ಟು ಹತ್ತುತ್ತದೆ ಎಂಬ ಜಗಳ ಬೇರೆ ಇರಲಿ, ಹೊರುವವನ ಬೆನ್ನಿಗಂತೂ ಒಳ್ಳೆಯದೇ.

ಈಗ ಡಿಸ್ಕ್ ಅಂದರೆ ಏನು? ನಮ್ಮ ಬೆನ್ನುಹುರಿಯ ಕಂಬದಲ್ಲಿ ಒಂದರ ಮೇಲೊಂದು ಇಟ್ಟ ಮಣಿಯಂತಹ ಎಲುಬುಗಳಿವೆ. ಕುತ್ತಿಗೆಯಲ್ಲಿ 7, ಎದೆಯ ಹಿಂದೆ 12, ಸೊಂಟದಲ್ಲಿ 5. ಎರಡು ಮಣಿಗಳ ನಡುವೆ ಒಂದು ಮೆತ್ತೆ ಇರುತ್ತದೆ. ಅದೇ ಡಿಸ್ಕ್. ಹೊರಗೆ ಗಟ್ಟಿ ನಾರಿನ ಸುತ್ತು, ಒಳಗೆ ಲೋಳೆಯಂತಹ ತಿರುಳು. ಈ ಸುತ್ತು ಸವೆದು ಅಥವಾ ಹರಿದು ತಿರುಳು ಹೊರಗೆ ಉಬ್ಬಿ ಪಕ್ಕದ ನರವನ್ನು ಒತ್ತಿದರೆ, ಸೊಂಟದಿಂದ ಹಿಮ್ಮಡಿಯ ತನಕ ಝುಂ ಎಂದು ನೋವು ಇಳಿಯುತ್ತದೆ. ಕುತ್ತಿಗೆಯಲ್ಲಾದರೆ ಕೈಗೆ ಇಳಿಯುತ್ತದೆ.

ಸ್ವೀಡನ್ ದೇಶದ ನಾಚೆಮ್ಸನ್ ಎಂಬ ಡಾಕ್ಟರರು 1960ರ ದಶಕದಲ್ಲಿ ಬದುಕಿರುವ ಮನುಷ್ಯರ ಡಿಸ್ಕಿನೊಳಗೆ ಸೂಜಿ ಇಟ್ಟು ಒತ್ತಡ ಅಳೆದರು. ಸುಮ್ಮನೆ ನಿಂತಾಗಿನ ಒತ್ತಡ 100 ಎಂದು ಹಿಡಿದರೆ, ಅಂಗಾತ ಮಲಗಿದಾಗ ಸುಮಾರು 25. ಮುಂದಕ್ಕೆ ಬಾಗಿ ಕೈಯಲ್ಲಿ 20 ಕೆಜಿ ಹಿಡಿದರೆ 220. ಇನ್ನು ನಮ್ಮ ಚೀಲದ ಲೆಕ್ಕ ನೀವೇ ಹಾಕಿ.

ಒತ್ತಡದಿಂದ ಕೆಟ್ಟಿದ್ದನ್ನು ಎಳೆದು ಸರಿ ಮಾಡೋಣ ಎಂಬ ವಿಚಾರ ಯಾರಿಗಾದರೂ ಬರುವಂಥದ್ದೇ. ಎರಡು ಸಾವಿರ ವರ್ಷಕ್ಕೂ ಹಿಂದೆ ಗ್ರೀಸ್ ದೇಶದ ವೈದ್ಯ ಹಿಪೊಕ್ರೆಟಿಸನ ಕಾಲದಲ್ಲೇ ರೋಗಿಯನ್ನು ಹಲಗೆಗೆ ಕಟ್ಟಿ ಎಳೆಯುತ್ತಿದ್ದರು. ನಮ್ಮಲ್ಲಿ ಉಳುಕು ತೆಗೆಯುವವರಿದ್ದಾರೆ. ಕಾಲು ಮುಂದಾಗಿ ಹುಟ್ಟಿದವರಿಂದ ಸೊಂಟಕ್ಕೆ ಒದೆಸಿಕೊಂಡ ಹಿರಿಯರು ಈ ಸಭೆಯಲ್ಲೇ ನಗುತ್ತಿದ್ದಾರೆ. ಆಸ್ಪತ್ರೆಗಳಲ್ಲಿ ಕಾಲಿಗೆ, ಗದ್ದಕ್ಕೆ ಪಟ್ಟಿ ಕಟ್ಟಿ ತೂಕ ಇಳಿಬಿಡುವ ಟ್ರ್ಯಾಕ್ಷನ್ ನೀವು ನೋಡಿದ್ದೀರಿ. ಡಿಕಂಪ್ರೆಶನ್ ಅನ್ನುವುದು ಇದೇ ವಂಶದ್ದು. ಕೆನಡಾದ ಡಾಕ್ಟರ್ ಅಲನ್ ಡೈಯರ್ 1991ರ ಸುಮಾರಿಗೆ ಇಂಥ ಟೇಬಲ್ ತಂದರು. ಸೊಂಟಕ್ಕೂ ಎದೆಗೂ ಬೆಲ್ಟ್ ಬಿಗಿದು ಮಲಗಿಸುತ್ತಾರೆ, ಟೇಬಲ್ ಎರಡು ಭಾಗವಾಗಿ ಸರಿಯುತ್ತದೆ, ಕಂಪ್ಯೂಟರ್ ಸ್ವಲ್ಪ ಹೊತ್ತು ಎಳೆದು ಸ್ವಲ್ಪ ಹೊತ್ತು ಸಡಿಲ ಬಿಡುತ್ತದೆ. ಒಂದು ಸಲಕ್ಕೆ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ. ಎಳೆದಾಗ ಡಿಸ್ಕಿನೊಳಗೆ ಒತ್ತಡ ಇಳಿದು, ಹೊರಗೆ ಬಂದ ತಿರುಳು ಒಳಗೆ ಸೇರುತ್ತದೆ ಎಂಬುದು ಅವರ ವಾದ. 1994ರಲ್ಲಿ ಬೆರಳೆಣಿಕೆಯ ರೋಗಿಗಳಲ್ಲಿ ಅಳೆದು ಒತ್ತಡ ಇಳಿದದ್ದನ್ನು ತೋರಿಸಿದ್ದಾರೆ, ಅದು ಸುಳ್ಳಲ್ಲ.

ಆದರೆ ಎಳೆಯುವಾಗ ಒತ್ತಡ ಇಳಿಯುವುದು ಬೇರೆ, ಆರು ತಿಂಗಳ ನಂತರ ಮನುಷ್ಯ ಕುಂಟಿ ಹಿಡಿಯುವುದು ಬೇರೆ. ಟೇಬಲಿನಿಂದ ಎದ್ದು ನಿಂತ ಕೂಡಲೇ ಮೈಭಾರ ಮತ್ತೆ ಅದೇ ಡಿಸ್ಕಿನ ಮೇಲೆ ಕೂರುತ್ತದಲ್ಲ! ಎಳೆತದ ಬಗ್ಗೆ ಜಗತ್ತಿನಲ್ಲಿ ನಡೆದ 32 ಪರೀಕ್ಷೆಗಳನ್ನು, ಅಂದರೆ 2762 ರೋಗಿಗಳ ಲೆಕ್ಕವನ್ನು, ಕಾಕ್ರೇನ್ ಎಂಬ ಸಂಸ್ಥೆಯವರು 2013ರಲ್ಲಿ ಒಟ್ಟುಗೂಡಿಸಿ ನೋಡಿದರು. ಸೊಂಟ ನೋವಿಗೆ ಎಳೆತದಿಂದ ಸಿಗುವ ಫಲ ಕಡಿಮೆ ಅಥವಾ ಏನೂ ಇಲ್ಲ ಎಂದು ಬಂತು. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ಹಳೇ ಸೊಂಟ ನೋವಿನ ಚಿಕಿತ್ಸೆಗೆ ಮಾರ್ಗಸೂಚಿ ಹೊರಡಿಸಿತು. ಅದರಲ್ಲಿ ಎಳೆತವನ್ನೂ ಸೊಂಟದ ಪಟ್ಟಿಯನ್ನೂ ವಾಡಿಕೆಯಾಗಿ ಕೊಡಬೇಡಿ ಎಂದಿದೆ, ವ್ಯಾಯಾಮ ಮತ್ತು ತಿಳಿವಳಿಕೆಗೆ ಒತ್ತು ಕೊಟ್ಟಿದೆ. ಹೊಸ ಟೇಬಲಿನವರು "ನಮ್ಮದು ಟ್ರ್ಯಾಕ್ಷನ್ ಅಲ್ಲ" ಅನ್ನುತ್ತಾರೆ. ಅಮೆರಿಕ ಸರ್ಕಾರದ ದಾಖಲೆಯಲ್ಲಿ ಮಾತ್ರ ಇವನ್ನು ವಿದ್ಯುತ್ ಎಳೆತದ ಸಾಧನ ಎಂದೇ ಸೇರಿಸಿದ್ದಾರೆ. ಕುತ್ತಿಗೆಯ ವಿಷಯದಲ್ಲಿ, ಕೈಗೆ ಇಳಿಯುವ ನೋವಿಗೆ ಎಳೆತದಿಂದ ಕೆಲವರಿಗೆ ಸ್ವಲ್ಪ ದಿನ ಹಗುರ ಅನ್ನಿಸುವುದುಂಟು. ಅದಕ್ಕೆ ಫಿಸಿಯೋಥೆರಪಿ ವಿಭಾಗದ ಮಾಮೂಲಿ ಸಾಧನ ಸಾಕು.

"ಹಂಗಾದ್ರ ನಮ್ಮ ಮಾವಗ ಎಳೆಸಿದ ಮ್ಯಾಲ ಆರಾಮ ಆತಲ್ಲ?" ಎಂದು ಹಿಂದಿನ ಸಾಲಿನಿಂದ ಕೇಳುತ್ತಿದ್ದಾರೆ. ಒಳ್ಳೆಯ ಪ್ರಶ್ನೆ. ಡಿಸ್ಕ್ ಉಬ್ಬಿ ಕಾಲಿಗೆ ನೋವು ಇಳಿದವರಲ್ಲಿ ಬಹಳಷ್ಟು ಮಂದಿಗೆ ಆರರಿಂದ ಹನ್ನೆರಡು ವಾರದಲ್ಲಿ ತಾನಾಗಿಯೇ ಕಡಿಮೆಯಾಗುತ್ತದೆ. ಹೊರಬಂದ ತಿರುಳನ್ನು ದೇಹವೇ ಕರಗಿಸಿಕೊಳ್ಳುತ್ತದೆ. ಇಪ್ಪತ್ತು ಸಲದ ಎಳೆತ ಮುಗಿಯಲಿಕ್ಕೂ ಐದಾರು ವಾರ ಬೇಕು. ಯಾವುದರಿಂದ ಆರಾಮ ಆಯಿತು? ಮಷೀನಿನವರು ಮಷೀನು ಅಂತಾರೆ. ಮಳೆ ಬರುವ ದಿನವೇ ಕಪ್ಪೆ ಮದುವೆ ಮಾಡಿದ ಹಾಗೆ.

ಸ್ಕ್ಯಾನಿಂಗ್ ಬಗ್ಗೆಯೂ ಒಂದು ಮಾತು. ಎಂಆರ್‌ಐ ಕಾಗದದಲ್ಲಿ "ಡಿಸ್ಕ್ ಬಲ್ಜ್" ಎಂದು ಬರೆದಿದ್ದನ್ನು ನೋಡಿ ನಮ್ಮ ಜನ ಕೈಕಾಲು ಬಿಡುತ್ತಾರೆ. ನೋವೇ ಇಲ್ಲದ ಮಂದಿಯ ಸ್ಕ್ಯಾನ್‌ಗಳನ್ನು ಒಟ್ಟು ಹಾಕಿ 2015ರಲ್ಲಿ ಲೆಕ್ಕ ತೆಗೆದಿದ್ದಾರೆ. 40ರ ವಯಸ್ಸಿನವರಲ್ಲಿ ಅರ್ಧದಷ್ಟು ಜನರಿಗೆ ಡಿಸ್ಕ್ ಉಬ್ಬಿತ್ತು. ತಲೆಗೂದಲು ಹಣ್ಣಾದಂತೆ ಅದೂ ಒಂದು. ಅದಕ್ಕೇ ಕಾಗದ ನೋಡಿ ಚಿಕಿತ್ಸೆ ಮಾಡುವವರಿಗಿಂತ ಕಾಲು ಎತ್ತಿಸಿ, ಹೆಬ್ಬೆರಳು ಒತ್ತಿಸಿ, ನಡೆಸಿ ನೋಡುವ ಡಾಕ್ಟರರ ಮೇಲೆ ನನಗೆ ನಂಬಿಗೆ ಹೆಚ್ಚು.

ನೋವು ಬಂದಾಗ ಒಂದೆರಡು ದಿನ ಮಲಗಿದರೆ ತಪ್ಪಲ್ಲ. ವಾರಗಟ್ಟಲೆ ಮಲಗಿದರೆ ಬೆನ್ನಿನ ಸ್ನಾಯು ಸಡಿಲಾಗಿ ನೋವು ಕಾಯಂ ಆಗುತ್ತದೆ. ಮೆಲ್ಲಗೆ ಓಡಾಡಬೇಕು, ಬಿಸಿ ಶಾಖ ಕೊಡಬೇಕು, ಫಿಸಿಯೋಥೆರಪಿಯವರು ಹೇಳಿಕೊಟ್ಟ ವ್ಯಾಯಾಮ ಮಾಡಬೇಕು. "ದಿನಾ ದುಡಿಯೋ ನಮಗೆಂಥಾ ವ್ಯಾಯಾಮರಿ" ಎಂದು ನಗಬೇಡಿ. ನಮ್ಮ ದುಡಿಮೆ ಒಂದೇ ಕಡೆ ಬಾಗುವ ದುಡಿಮೆ. ಹಿಂದಕ್ಕೆ ಬಾಗುವುದು, ಹೊಟ್ಟೆಯ ಸ್ನಾಯು ಬಿಗಿಯುವುದು ಅದರಲ್ಲಿ ಇಲ್ಲವೇ ಇಲ್ಲ. ಇದಕ್ಕೆ ಹುಬ್ಬಳ್ಳಿಗೋ ಬಳ್ಳಾರಿಗೋ ಓಡುವ ಕಾಲ ಹೋಯಿತು. ಕೊಪ್ಪಳದಲ್ಲೇ 2015ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ, ಎಲುಬಿನ ಡಾಕ್ಟರರು ಅಲ್ಲಿ ಸಿಗುತ್ತಾರೆ.

ಇನ್ನು ತಡ ಮಾಡಬಾರದ ಬೆನ್ನು ನೋವು ಯಾವುದು ಎಂದು ಹೇಳುತ್ತೇನೆ, ತಾಯಂದಿರು ಸ್ವಲ್ಪ ಗಮನವಿಟ್ಟು ಕೇಳಿ. ಮೂತ್ರ ಕಟ್ಟಿತು ಅಥವಾ ಗೊತ್ತಿಲ್ಲದೆ ಹೋಯಿತು, ಕುಳಿತುಕೊಳ್ಳುವ ಜಾಗದಲ್ಲಿ ಸ್ಪರ್ಶ ತಿಳಿಯುತ್ತಿಲ್ಲ, ಕಾಲ ಪಾದ ಎತ್ತಲಾಗದೆ ಚಪ್ಪಲಿ ಜಾರುತ್ತಿದೆ, ಹೀಗಾದರೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಪರೇಷನ್ ಎಂದರೆ ಹೆದರಬಾರದು. ತಡವಾದರೆ ಆ ನರ ಮತ್ತೆ ಬರುವುದಿಲ್ಲ. ಸಂಜೆ ಜ್ವರ, ತೂಕ ಇಳಿಯುವುದು, ರಾತ್ರಿ ಮಲಗಿದರೂ ಬಿಡದ ನೋವು ಇದ್ದರೆ ಅದು ಬೆನ್ನುಮೂಳೆಯ ಕ್ಷಯ ಇರಬಹುದು, ಗಡ್ಡೆ ಇರಬಹುದು. ಅಂಥ ಬೆನ್ನನ್ನು ಎಳೆಯುವುದೆಂದರೆ ಬಿರುಕು ಬಿಟ್ಟ ಗೋಡೆಯನ್ನು ದೂಡಿದಂತೆ. ಮುಟ್ಟು ನಿಂತು ಎಲುಬು ಟೊಳ್ಳಾದ ಮುದುಕಿಯರಿಗೂ ಎಳೆತ ಬೇಡ.

ನಮ್ಮ ಕಡೆಗೇ ಇರುವ ಇನ್ನೊಂದು ಪೀಡೆ ಫ್ಲೋರೈಡ್. ಕುಷ್ಟಗಿ, ಯಲಬುರ್ಗಾದ ಬೋರ್ ನೀರಿನ ಕಥೆ ನಿಮಗೆ ಹೊಸದಲ್ಲ. ಒಂದು ಲೀಟರ್ ನೀರಿನಲ್ಲಿ 1 ಮಿಲಿಗ್ರಾಂ ಒಳಗೆ ಇರಬೇಕು, ಬೇರೆ ದಾರಿ ಇಲ್ಲದಿದ್ದರೆ 1.5 ತನಕ ಎಂದು ನಿಯಮ. ಅದಕ್ಕಿಂತ ಹೆಚ್ಚಿನ ನೀರನ್ನು ವರ್ಷಾನುಗಟ್ಟಲೆ ಕುಡಿದರೆ ಮೊದಲು ಹಲ್ಲಿಗೆ ಕಂದು ಗೆರೆ, ನಂತರ ಎಲುಬು, ಕೀಲಿನ ನಾರುಗಳು ಸುಣ್ಣದಂತೆ ಗಟ್ಟಿಯಾಗಿ ಬೆನ್ನು ಬಾಗದಂತಾಗುತ್ತದೆ, ಕುತ್ತಿಗೆ ತಿರುಗದಂತಾಗುತ್ತದೆ. ನಮ್ಮ ದೇಶದಲ್ಲಿ ಇದನ್ನು 1937ರಲ್ಲಿ ನೆಲ್ಲೂರು ಕಡೆ ಮೊದಲು ಗುರುತಿಸಿದರು. ಗಟ್ಟಿಯಾದ ಕುತ್ತಿಗೆಯನ್ನು ಮಷೀನಿಗೆ ಕೊಟ್ಟರೆ ಒಳಗಿನ ಹುರಿಗೇ ಅಪಾಯ. ಕುದಿಸಿದರೆ ಫ್ಲೋರೈಡ್ ಹೋಗುತ್ತದೆ ಎಂದು ಕೆಲವರು ನಂಬಿದ್ದಾರೆ, ಹೋಗುವುದಿಲ್ಲ, ನೀರು ಇಂಗಿ ಇನ್ನೂ ಹೆಚ್ಚೇ ಆಗುತ್ತದೆ. ನದಿ ನೀರು ಪೈಪಿನಲ್ಲಿ ಬರುವ ಕಡೆ ಕುಡಿಯಲು, ಅಡುಗೆಗೆ ಅದನ್ನೇ ಬಳಸಿ, ಬೋರ್ ನೀರು ದನಕ್ಕೂ ಬಟ್ಟೆಗೂ ಇರಲಿ ಅನ್ನುವ ಹಾಗೂ ಇಲ್ಲ, ದನದ ಎಲುಬಿಗೂ ಅದು ಒಳ್ಳೆಯದಲ್ಲ.

ದುಡ್ಡಿನ ವಿಷಯಕ್ಕೆ ಬರುತ್ತೇನೆ. ನಮ್ಮ ಪಕ್ಕದ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು ರೈತ ಬಡ್ಡಿಯವರ ಕೈಗೆ ಬೀಳಬಾರದು ಅಂತ. ಬೆಳೆ ಸಾಲವನ್ನು ಎಳೆತದ ಟೇಬಲಿಗೆ ಮುಂಗಡ ಕಟ್ಟಿ, ಬೀಜ ಗೊಬ್ಬರಕ್ಕೆ ಮತ್ತೆ ಕೈಗಡ ತಂದ ಮನೆಗಳನ್ನು ನಾನು ನೋಡಿದ್ದೇನೆ. ಹೆಸರು ಬೇಡ. ಸಹಕಾರಿ ಸದಸ್ಯರಿಗೆಂದೇ 2003ರಲ್ಲಿ ವರ್ಷಕ್ಕೆ 60 ರೂಪಾಯಿಗೆ ಯಶಸ್ವಿನಿ ಜಾರಿಗೆ ಬಂತು, 2018ರಲ್ಲಿ ನಿಂತಿತು, 2022-23ರಲ್ಲಿ ಮತ್ತೆ ಶುರುವಾಯಿತು. ಆಗ ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿ ವಂತಿಗೆ, 5 ಲಕ್ಷದ ತನಕ ಚಿಕಿತ್ಸೆ ಎಂದು ಗೊತ್ತುಮಾಡಿದರು. ಪಟ್ಟಿಯಲ್ಲಿರುವ ಚಿಕಿತ್ಸೆ, ಪಟ್ಟಿಯಲ್ಲಿರುವ ಆಸ್ಪತ್ರೆ ಅಷ್ಟೇ. ಕ್ಲಿನಿಕ್ಕಿಗೆ ಹೋಗಿ ಬಂದು ಎಳೆಸಿಕೊಂಡ ಬಿಲ್ಲು ಅದರಲ್ಲಿ ಬರುವುದಿಲ್ಲ. ಸೇರುವ ಮುಂಚೆ ಕಾರ್ಯದರ್ಶಿಗಳ ಹತ್ತಿರ ಪಟ್ಟಿ ಕೇಳಿ, ಈ ವರ್ಷದ ವಂತಿಗೆ ಎಷ್ಟು, ಕೊನೇ ದಿನ ಯಾವುದು ಎಂದು ಬರೆದುಕೊಳ್ಳಿ.

ಕೊನೆಗೆ ಒಂದು ಕೋರಿಕೆ. ನಮ್ಮ ಗೋದಾಮಿನಲ್ಲಿ ಚೀಲ ಸಾಗಿಸಲು ಎರಡು ಗಾಲಿಯ ಕೈಗಾಡಿ ಎರಡು, ಸೊಂಟದ ಎತ್ತರದ ಕಟ್ಟೆ ಒಂದು ಬೇಕೆಂದು ಮಂಡಳಿಯ ಮುಂದೆ ಇಟ್ಟಿದ್ದೇನೆ. ಚೀಲ ನೆಲದಿಂದ ಎತ್ತುವುದು ತಪ್ಪಿದರೆ ಅರ್ಧ ಭಾರ ಇಳಿದಂತೆ. ಈ ವರ್ಷದ ಲಾಭದ ಹಂಚಿಕೆ ಸಾಮಾನ್ಯ ಸಭೆಗೆ ಬಂದಾಗ ಡಿವಿಡೆಂಡಿನಲ್ಲಿ ನಾಲ್ಕು ಕಾಸು ಕಡಿಮೆ ಆಯಿತೆಂದು ಗದ್ದಲ ಮಾಡದೆ ದಯಮಾಡಿ ಕೈ ಎತ್ತಿ.