ನೋಡಿದ್ದನ್ನೇ ಬರಿ



ಈ ಶಾಲೆಯಲ್ಲಿ ಲೋಲಕದ ಪ್ರಯೋಗ ಮಾಡಿದಾಗ ನಾನು ಪುಸ್ತಕದಲ್ಲಿದ್ದ 9.8 ಎಂಬ ಉತ್ತರವನ್ನೇ ಬರೆದಿಟ್ಟಿದ್ದೆ. ವಿಜ್ಞಾನದ ಮೇಷ್ಟ್ರು ಅದಕ್ಕೆ ಗೀಟು ಹಾಕಿ, "ತಪ್ಪು ಬಂದರೂ ಚಿಂತೆಯಿಲ್ಲ, ನೋಡಿದ್ದನ್ನೇ ಬರಿ" ಎಂದರು.

ಮುಂದೆ ನಾನು ಇಂಜಿನಿಯರ್ ಆದೆ. ಒಂದು ಹಳ್ಳದ ಸೇತುವೆಗೆ ಎಂ-20 ಕಾಂಕ್ರೀಟ್ ಹಾಕಿಸಿದ್ದೆವು. 28 ದಿನ ನೀರಿನಲ್ಲಿಟ್ಟ ಕ್ಯೂಬುಗಳು ಚದರ ಮಿಲಿಮೀಟರಿಗೆ 20 ನ್ಯೂಟನ್ ತಡೆಯಬೇಕು, 14ಕ್ಕೇ ಒಡೆದವು. ಮಾರ್ಚ್ 31 ಹತ್ತಿರವಿತ್ತು. "ಒಂದನ್ನು ಎರಡು ಮಾಡಿ ಸಾರ್, ಬಿಲ್ ಆಗಿಹೋಗುತ್ತೆ" ಎಂದರು ಗುತ್ತಿಗೆದಾರರು. ಮೇಲಿನಿಂದಲೂ ಫೋನ್ ಬಂತು. ಮಗಳಿಗೆ ಪರೀಕ್ಷೆಯ ವರ್ಷ, ವರ್ಗಾವಣೆಯ ಭಯ. ರಾತ್ರಿಯಿಡೀ ನಿದ್ದೆ ಬರಲಿಲ್ಲ.

ಬೆಳಿಗ್ಗೆ 14 ಎಂದೇ ಬರೆದು ಸಹಿ ಹಾಕಿದೆ. ಕಂಬ ಕೊರೆದು ತೆಗೆದ ಮಾದರಿಯೂ ಸೋತಿತು. ಆ ಭಾಗವನ್ನು ಒಡೆದು ಮತ್ತೆ ಕಟ್ಟಿದರು. ಅದನ್ನು ನೋಡಲು ನಾನಿರಲಿಲ್ಲ, ವರ್ಗವಾಗಿತ್ತು. ಮಗಳು ನಡುವರ್ಷದಲ್ಲಿ ಶಾಲೆ ಬದಲಿಸಬೇಕಾಯಿತು. ಆ ನೋವು ಇಂದಿಗೂ ಇದೆ.

ನಾನು ಧೈರ್ಯವಂತನೇನಲ್ಲ. ಕೈಗೆ ಅಭ್ಯಾಸವಾಗಿತ್ತು, ಅಷ್ಟೆ. ಒತ್ತಡ ಬಂದ ದಿನ ಪ್ರಾಮಾಣಿಕತೆ ಕಲಿಯಲಾಗದು, ಮೊದಲೇ ಕಲಿತಿರಬೇಕು. ನನಗೆ ಕಲಿಸಿದ್ದು ಈ ಶಾಲೆಯ ಪ್ರಯೋಗದ ಪುಸ್ತಕ.

ಮಕ್ಕಳೇ, ನೋಡಿದ್ದನ್ನೇ ಬರೆಯಿರಿ.