ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ: 14 ಸಾವಿರ ಕಿಲೋಮೀಟರ್ ಅಂದ್ರೆ ಎಷ್ಟು ಗಂಟೆ?

ಇವತ್ತಿನ ಪ್ರಶ್ನೆ ಸಿಂಪಲ್. ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೊ ಎಷ್ಟು ದೂರ, ಹೋಗೋಕೆ ಎಷ್ಟು ಹೊತ್ತು? ಮೊಬೈಲಲ್ಲಿ ಹುಡುಕಿದ್ರೆ ಸುಮಾರು 14 ಸಾವಿರ ಕಿಲೋಮೀಟರ್ ಅಂತ ಬರುತ್ತೆ. ವಿಮಾನದ ವೇಗ ಗಂಟೆಗೆ 900 ಕಿಲೋಮೀಟರ್ ಅಂದ್ಕೊಂಡು ಭಾಗಿಸಿ, ಹದಿನೈದೂವರೆ ಗಂಟೆ. ಲೆಕ್ಕವೇನೋ ಸರಿ. ಆದರೆ ಇದನ್ನ ನಂಬಿ ಯಾರಿಗೂ ‘ಇಷ್ಟೊತ್ತಿಗೆ ಬರ್ತೀನಿ’ ಅಂತ ಮಾತು ಕೊಡಬೇಡಿ.

ಯಾಕೆ ಅಂತ ಹೇಳ್ತೀನಿ. ಆ 14 ಸಾವಿರ ಅನ್ನೋದು ಅತಿ ಹತ್ತಿರದ ದಾರಿ. ಒಂದು ಗ್ಲೋಬ್ ಮೇಲೆ ಈ ಎರಡು ಊರಿನ ಮಧ್ಯೆ ದಾರ ಬಿಗಿಯಾಗಿ ಎಳೆದು ನೋಡಿ. ದಾರ ಅಡ್ಡಕ್ಕೆ ಹೋಗಲ್ಲ, ಮೇಲಕ್ಕೇರಿ ಟಿಬೆಟ್, ಸೈಬೀರಿಯಾ, ಅಲಾಸ್ಕಾ ದಾಟಿ ಇಳಿಯುತ್ತೆ. ವಿಮಾನಗಳು ಅದೇ ದಾರದ ಮೇಲೆ ಹೋಗೋದಿಲ್ಲ. ಗಾಳಿ ನೋಡಬೇಕು, ಯಾವ ದೇಶದ ಆಕಾಶ ತೆರೆದಿದೆ ಅಂತಾನೂ ನೋಡಬೇಕು.

ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಅನ್ನೋ ಜೋರು ಗಾಳಿ ಬೀಸುತ್ತೆ. ಪೂರ್ವ ದಿಕ್ಕಲ್ಲಿ ಹೋಗೋ ವಿಮಾನವನ್ನ ಅದು ಹಿಂದಿನಿಂದ ತಳ್ಳುತ್ತೆ. ಎದುರು ಬರೋ ವಿಮಾನಕ್ಕೆ ಅದೇ ಅಡ್ಡಿ. 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟ ಏರ್ ಇಂಡಿಯಾದ ಮೊದಲ ನೇರ ವಿಮಾನ, ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳ ತಂಡದ್ದು. ಉತ್ತರ ಧ್ರುವದ ಮೇಲೆ ಹಾದು ಬೆಂಗಳೂರಲ್ಲಿ ಇಳಿದಾಗ 11ರ ಬೆಳಗಿನ ಜಾವ. ಕ್ಯಾಲೆಂಡರಲ್ಲಿ ಎರಡು ತಾರೀಖು ದಾಟಿತ್ತು, ಹಾರಿದ್ದು ಮಾತ್ರ ಸುಮಾರು 17 ಗಂಟೆ. ಚಳಿಗಾಲದಲ್ಲಿ ಅಲ್ಲಿನ ಗಡಿಯಾರ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಬೆಂಗಳೂರಿಂದ ಸೋಮವಾರ ಮಧ್ಯಾಹ್ನ 2ಕ್ಕೆ ಹೊರಟು 16 ಗಂಟೆ ಹಾರಿದರೂ, ಅಲ್ಲಿ ಇಳಿದಾಗ ಸೋಮವಾರ ಸಂಜೆ ನಾಲ್ಕೂವರೆ!

ಇನ್ನು ಆಕಾಶದ ವಿಷಯ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಅಮೆರಿಕ, ಯುರೋಪಿನ ಕಂಪನಿಗಳಿಗೆ ರಷ್ಯಾದ ಆಕಾಶ ಮುಚ್ಚಿತು. ಅವರು ಸುತ್ತಿಕೊಂಡೇ ಬರಬೇಕು.

ಇದೆಲ್ಲ ಬರೀ ಜನರಲ್ ನಾಲೆಜ್ ಅಲ್ಲ. ನಮ್ಮ ಅಕ್ಕ ಸ್ಯಾನ್ ಹೋಸೆಯಲ್ಲಿದ್ದಾಳೆ. ದಾವಣಗೆರೆಯಲ್ಲಿ ಅಪ್ಪನನ್ನ ಐಸಿಯುಗೆ ಸೇರಿಸಿದ ದಿನ ಡಾಕ್ಟರ್ ನನ್ನನ್ನ ಕೇಳಿದ್ದು ಒಂದೇ: ‘ಮಗಳು ಯಾವಾಗ ಬರ್ತಾರೆ?’ ಅಕ್ಕನಿಗೆ ಸಿಕ್ಕಿದ್ದು ಫ್ರಾಂಕ್‌ಫರ್ಟ್ ಮೇಲಿನ ಟಿಕೆಟ್. ಆ ದಾರಿಯಲ್ಲಿ ಹದಿನಾರೂವರೆ ಸಾವಿರ ಕಿಲೋಮೀಟರ್ ಆಗುತ್ತೆ. ನಾನು ಪೇಪರ್ ಮೇಲೆ ಬರೆದೆ: ಮನೆಯಿಂದ ಏರ್‌ಪೋರ್ಟಿಗೆ ಹೋಗಿ ಕಾಯೋದು 4 ಗಂಟೆ, ಎರಡು ವಿಮಾನದಲ್ಲಿ 20, ಮಧ್ಯೆ 3, ಇಮಿಗ್ರೇಷನ್, ಲಗೇಜ್ ಎಲ್ಲ ಸೇರಿ 2, ದೇವನಹಳ್ಳಿಯಿಂದ ದಾವಣಗೆರೆಗೆ 5. ಒಟ್ಟು 34 ಗಂಟೆ. ಡಾಕ್ಟರಿಗೆ ಅದನ್ನೇ ಹೇಳಿದೆ. ‘ಹಾಗಾದ್ರೆ ಆಪರೇಷನ್‌ಗೆ ಕಾಯೋದು ಬೇಡ’ ಅಂದ್ರು. ನಾನೇ ಸಹಿ ಹಾಕಿದೆ. ಅಕ್ಕ ಬಂದಾಗ ಅಪ್ಪ ಕಣ್ಣು ಬಿಟ್ಟಿದ್ರು. 15 ಗಂಟೆ ಅಂದಿದ್ರೆ ಬಹುಶಃ ಕಾಯ್ತಾ ಕೂರ್ತಿದ್ವಿ.

ನಿಮ್ಮ ಮನೆಯವರು ಯಾರಾದ್ರೂ ದೂರದಲ್ಲಿದ್ರೆ ಇವತ್ತೇ ಈ ಲೆಕ್ಕ ಮಾಡಿಟ್ಕೊಳ್ಳಿ. ವಿಮಾನದ ಗಂಟೆ ಬೇರೆ, ಮನೆ ಬಾಗಿಲಿಂದ ಮನೆ ಬಾಗಿಲಿನ ಗಂಟೆ ಬೇರೆ.